ಹದಿಮೂರನೇ ಬುಧವಾರ

"ಬುಕ್ಕಲ್ಲಿ ಹಿಂಗಿಲ್ಲ!"

ಕೂಗಿದ್ದು ಜಯಿ. ಟೀವಿಯಲ್ಲಿ ಚೆನ್ನಿ ಆಗ ತಾನೇ ಎತ್ತಿನ ಗಾಡಿಯಿಂದ ಇಳಿಯುತ್ತಿದ್ದಳು.

"ಶ್! ಬಾಯ್ ಮುಚ್ಕೊಂಡು ನೋಡೇ," ಎಂದಳು ಶಿವಕ್ಕ.

"ಅಲ್ಲ ಆಂಟಿ, ಬುಕ್ಕಲ್ಲಿ ಅವಳು ಅಷ್ಟು ದೂರಾನೂ ನಡ್ಕೊಂಡೇ ಬರ್ತಾಳೆ. ಕಾಲಲ್ಲಿ ಚಪ್ಪಲಿ ಕೂಡ ಇರಲ್ಲ. ಈ ಟೀವಿಯೋರು ಸುಮ್ಸುಮ್ನೆ ಗಾಡಿ ಹತ್ಸಿದಾರೆ."

"ಹತ್ಲಿ ಬುಡವ್ವ. ಕೂಸು ಎಷ್ಟು ದೂರ ಅಂತ ನಡೆದಾತು," ಎಂದಳು ಪಾಪಜ್ಜಿ. ಅವಳ ಕಣ್ಣು ಟೀವಿ ಮೇಲಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಕನಕಾಂಬರ ಕಟ್ಟುತ್ತಿತ್ತು.

"ಹತ್ತಿದ್ರೂ ಬುಕ್ಕಲ್ಲಿರೋದೇ ನಿಜ ಪಾಪಜ್ಜಿ. ಟೀವಿಯೋರದ್ದೆಲ್ಲ ಡೂಪು."

ಜಯದೇವಿ ಅಂತ ಸ್ಕೂಲಿನ ಹೆಸರು. ಮನೆಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಜಯಿ. ಐದನೇ ಕ್ಲಾಸು. ಚಂದ್ರಾ ಲೇಔಟಿನ ಆ ಸಾಲಿನಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಇದ್ದ ಹನ್ನೊಂದು ಮನೆಗೆಲ್ಲ ಟೀವಿ ಇದ್ದದ್ದು ಒಂದೇ ಮನೆಯಲ್ಲಿ. ಅದು ಶಿವಕ್ಕನ ಮನೆ. ಮರದ ಬಾಗಿಲು ಇರೋ ಕಪ್ಪು ಬಿಳುಪು ಟೀವಿ. ಕಾರ್ಯಕ್ರಮ ಮುಗಿದ ಕೂಡಲೇ ಶಿವಕ್ಕ ಆ ಬಾಗಿಲು ಎಳೆದು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಡುತ್ತಿದ್ದಳು.

ಬುಧವಾರ ಸಂಜೆ ಏಳು ಗಂಟೆಗೆ ಅರ್ಧ ಬೀದಿಯ ಚಪ್ಪಲಿ ಶಿವಕ್ಕನ ಮೆಟ್ಟಿಲ ಮೇಲೆ ಇರುತ್ತಿದ್ದವು. ಯಾಕೆಂದರೆ ಆಗ 'ಚೆನ್ನಿ ಮತ್ತು ಪುಟ್ಟಿ' ಸೀರಿಯಲ್ ಬರುತ್ತಿತ್ತು. ಒಟ್ಟು ಹದಿಮೂರು ವಾರ.

ಆ ಕತೆ ಬರೆದವರು ಕೆಂಗೇರಿಯ ಉಗ್ರಪ್ಪ ಮೇಷ್ಟ್ರು. ಹೆಸರು ಕೇಳಿದರೆ ಹೆದರಿಕೆ ಆಗಬೇಕು, ಕತೆ ಓದಿದರೆ ಅವರ ತೊಡೆ ಮೇಲೆ ಹೋಗಿ ಕೂತ್ಕೊಳ್ಳೋಣ ಅನ್ನಿಸುತ್ತೆ. ಮಕ್ಕಳಿಗೆ ಅಂತ ಅವರು ಏಳು ಪುಸ್ತಕ ಬರೆದಿದ್ದರು. ವಿಜಯನಗರದ ಲೈಬ್ರರಿಯಿಂದ ಅಪ್ಪನ ಕಾರ್ಡಿನಲ್ಲಿ ಜಯಿ ಏಳನ್ನೂ ತಂದು ಓದಿದ್ದಳು. 'ಚೆನ್ನಿ ಮತ್ತು ಪುಟ್ಟಿ'ಯನ್ನಂತೂ ನಾಲ್ಕು ಸಲ.

ಕತೆ ಇಷ್ಟೇ. ಅಣೆಕಟ್ಟಿನ ನೀರು ಬರುತ್ತೆ ಅಂತ ಊರಿನವರನ್ನೆಲ್ಲ ಲಾರಿಗಳಿಗೆ ಹತ್ತಿಸುತ್ತಾರೆ. ಆ ಗಲಾಟೆಯಲ್ಲಿ ಅಕ್ಕ ಚೆನ್ನಿ ಒಂದು ಲಾರಿ, ತಂಗಿ ಪುಟ್ಟಿ ಇನ್ನೊಂದು ಲಾರಿ. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗಿಬಿಡುತ್ತವೆ. ಆವತ್ತಿನಿಂದ ಚೆನ್ನಿ ಊರೂರು ತಿರುಗಿ ತಂಗಿಯನ್ನು ಹುಡುಕುತ್ತಾಳೆ.

ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಜಯಿಗೆ ಬುಧವಾರ ಬಂತೆಂದರೆ ಒಂಥರಾ ಕೊಂಬು ಬರುತ್ತಿತ್ತು. ಬೇರೆ ದಿನ ಶಿವಕ್ಕನ ಮನೆಯಲ್ಲಿ ಅವಳನ್ನು ಯಾರು ಮಾತಾಡಿಸಬೇಕು? ಬುಧವಾರ ಮಾತ್ರ ದೊಡ್ಡವರೂ ಕೇಳುತ್ತಿದ್ದರು, "ಜಯಿ, ಆ ಮೀಸೆಯೋನು ಯಾರೇ? ಒಳ್ಳೆಯೋನಾ ಕೆಟ್ಟೋನಾ?" ಅಂತ.

ಪಾಪಜ್ಜಿಯೂ ಕೇಳುತ್ತಿದ್ದಳು. ಆದರೆ ಕೇಳಿದ ಮೇಲೆ ಪ್ರತಿ ಸಲವೂ ಬೆರಳೆತ್ತಿ ಹೇಳುತ್ತಿದ್ದಳು, "ಕೇಳ್ದಷ್ಟೇ ಹೇಳವ್ವ. ಮುಂದಿಂದು ಹೇಳ್ಬ್ಯಾಡ. ನಂಗೆ ಓದಾಕೆ ಬರಾಕಿಲ್ಲ. ಒಂದ್ ಕತೆಯ ಮೊದ್ಲಿಂದ ಕೊನೆಗಂಟ ನೋಡ್ತಾ ಇರೋದು ಇದೇ ಮೊದ್ಲು. ಕಣ್ಣಾರೆ ನೋಡ್ತೀನಿ."

ಪಾಪಜ್ಜಿ ಹೂ ಮಾರುವವಳು. ದಿನಾ ಸಂಜೆ ಮಲ್ಲತ್ತಹಳ್ಳಿಯಿಂದ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದಳು. ಮನೆ ಮನೆಗೂ ಹೂ ಕೊಟ್ಟು ಏಳು ಗಂಟೆ ಬಸ್ಸಿಗೆ ವಾಪಸ್ ಹೋಗುತ್ತಿದ್ದಳು. ಸೀರಿಯಲ್ ಶುರುವಾದ ದಿನ ಶಿವಕ್ಕನ ಮನೆಗೆ ಹೂ ಕೊಡಲು ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. "ಒಳಗೆ ಬಂದು ಕೂತ್ಕೋ ಪಾಪಮ್ಮ," ಎಂದಳು ಶಿವಕ್ಕ. ಅಷ್ಟೇ. ಆವತ್ತಿನಿಂದ ಬುಧವಾರ ಮಾತ್ರ ಅವಳು ಏಳು ಗಂಟೆ ಬಸ್ಸು ಬಿಟ್ಟು ಏಳೂ ಮುಕ್ಕಾಲಿನ ಬಸ್ಸಿಗೆ ಹೋಗತೊಡಗಿದಳು. ಬಂದ ತಕ್ಷಣ ಒಂದು ಮೊಳ ಹೂ ಟೀವಿ ಮೇಲೆ ಇಡುತ್ತಿದ್ದಳು.

"ದೇವ್ರಿಗೆ ಇಟ್ಟಂಗೆ ಇಡ್ತೀಯಲ್ಲ!" ಎಂದು ಶಿವಕ್ಕ ನಗುತ್ತಿದ್ದಳು.

"ಅಷ್ಟುದ್ದ ಕತೆ ಹೇಳ್ತದಲ್ಲ, ಬಿಟ್ಟಿ ಕೇಳಾದಾ?" ಎನ್ನುತ್ತಿದ್ದಳು ಪಾಪಜ್ಜಿ.

ಇವತ್ತು ಹನ್ನೆರಡನೇ ಬುಧವಾರ. ಗಾಡಿ ಇಳಿದ ಚೆನ್ನಿ ಒಂದು ಊರೊಳಗೆ ಬಂದಳು. ಒಂದು ಹೆಂಚಿನ ಮನೆ ಮುಂದೆ ನಿಂತಳು. ಪಾಪಜ್ಜಿ ಮುಂದಕ್ಕೆ ಬಗ್ಗಿದಳು. ಬಾಯಿ ತೆರೆದೇ ಇತ್ತು. ಚೆನ್ನಿ ಬಾಗಿಲು ತಟ್ಟಿದಳು. ಒಳಗಿನಿಂದ ಚಿಲಕ ತೆಗೆಯುವ ಸದ್ದು ಬಂತು.

ಡಣ್! ಚಿತ್ರ ಅಲ್ಲೇ ನಿಂತು ಹೆಸರುಗಳು ಬರತೊಡಗಿದವು.

"ಅಯ್ಯಯ್ಯೋ! ಬಾಗಿಲು ತೆಗೆಯೋಷ್ಟರಲ್ಲಿ ಮುಗಿಸ್ಬಿಟ್ರಲ್ಲ!" ಎಂದು ಮುನಿರಾಜು ತಲೆ ಚಚ್ಚಿಕೊಂಡ. ಅವನು ಶಿವಕ್ಕನ ಮಗ. ಜಯಿಯ ಕ್ಲಾಸಿನವನೇ.

"ಯಾರು ತೆಗೀತಾರೆ ಅಂತ ನಂಗೊತ್ತು," ಎಂದಳು ಜಯಿ.

"ರೀಲ್ ಬಿಡ್ಬೇಡ ಹೋಗೇ. ಬುಕ್ ಓದಿದೀನಿ ಬುಕ್ ಓದಿದೀನಿ ಅಂತ ವಾರ ವಾರಾನೂ ಬಡ್ಕೋತೀಯ. ಹಾವು ಬರುತ್ತೆ ಅಂದೆ, ಬರ್ಲೇ ಇಲ್ಲ. ಗಾಡಿ ಇರಲ್ಲ ಅಂದೆ, ಗಾಡಿ ಬಂತು. ನೀನು ಓದಿರೋದು ಬೇರೆ ಯಾವ್ದೋ ಬುಕ್ಕು ಕಣೇ!"

ಎಲ್ಲರೂ ಗೊಳ್ಳೆಂದು ನಕ್ಕರು. ಜಯಿಯ ಕಿವಿ ಬಿಸಿಯಾಯಿತು.

"ಓದಿದೀನಿ! ನಾಲ್ಕು ಸಲ ಓದಿದೀನಿ!"

"ಓದಿದ್ರೆ ಹೇಳು ನೋಡೋಣ. ಪುಟ್ಟಿ ಸಿಗ್ತಾಳಾ?"

"ಸಿಗಲ್ಲ! ಪುಟ್ಟಿ ಸತ್ತೋಗಿರ್ತಾಳೆ! ಜ್ವರ ಬಂದು! ಬಾಗಿಲು ತೆಗೆಯೋದು ಒಬ್ಬ ಮುದುಕಿ! ಬೇಕಾದ್ರೆ ಲಾಸ್ಟ್ ಪೇಜ್ ತೆಗೆದು ನೋಡ್ಕೋ!"

ನಗು ನಿಂತಿತು.

ಜಯಿ ತಿರುಗಿ ನೋಡಿದಳು. ಪಾಪಜ್ಜಿಯ ಕೈ ನಿಂತುಬಿಟ್ಟಿತ್ತು. ಹನ್ನೆರಡು ವಾರದಲ್ಲಿ ಒಂದು ದಿನವೂ ಆ ಕೈ ನಿಂತದ್ದನ್ನು ಜಯಿ ನೋಡಿರಲಿಲ್ಲ.

"ಔದಾ?" ಎಂದಳು ಪಾಪಜ್ಜಿ. ಅರ್ಧ ಕಟ್ಟಿದ ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದಳು. ಮೊಣಕಾಲು ಹಿಡಿದುಕೊಂಡು ಎದ್ದು ಹೊರಟುಹೋದಳು.

"ನಿನ್ನ ಬಾಯಿಗಿಷ್ಟು ಬೆಂಕಿ ಹಾಕ," ಎಂದಳು ಶಿವಕ್ಕ. "ಆ ಯಮ್ಮ ವಾರವೆಲ್ಲ ಇದಕ್ಕೇ ಕಾಯ್ತಿತ್ತಲ್ಲೇ!"

"ನಾನೇನು ಸುಳ್ಳು ಹೇಳಿದ್ನಾ? ಮುನಿರಾಜುನೇ ಕೇಳಿದ್ದು!"

ನಿಜ ಹೇಳಿದ್ದಕ್ಕೆ ಬೈಸಿಕೊಳ್ಳಬೇಕಾ? ಜಯಿ ಸಿಟ್ಟಿನಿಂದಲೇ ಮನೆಗೆ ಹೋದಳು.

ಆ ವಾರ ಪಾಪಜ್ಜಿ ದಿನಾ ಬಂದಳು. ಜಯಿಯ ಅಮ್ಮ ಅಂಜನಮ್ಮನಿಗೆ ಹೂ ಅಳೆದು ಕೊಟ್ಟಳು. ಯಾವಾಗಲಿನಂತೆ ಕೊಸರು ಅಂತ ಗೇಣುದ್ದ ಜಾಸ್ತಿಯೂ ಹಾಕಿದಳು. ಕತೆಯ ಮಾತು ಮಾತ್ರ ಎತ್ತಲಿಲ್ಲ. ಮೊದಲಾದರೆ ಗೇಟಿನ ಹತ್ತಿರವೇ, "ಎಲ್ಲಿದ್ದಾಳೋ ಕಣವ್ವ ಆ ಪುಟ್ಟಿ, ಹೊಟ್ಟೆಗೆ ಏನ್ ತಿಂದಳೋ," ಎನ್ನುತ್ತಿದ್ದಳು. ಜಯಿ ಕಿಟಕಿಯಿಂದ ನೋಡುತ್ತಾ, ಈಗ ಕೇಳಬಹುದು, ಈಗ ಕೇಳಬಹುದು ಅಂತ ಕಾದಳು. ಪಾಪಜ್ಜಿ ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋದಳು.

ಹದಿಮೂರನೇ ಬುಧವಾರ ಬಂತು. ಏಳಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಶಿವಕ್ಕನ ಗೇಟಿನ ಮುಂದೆ ಪಾಪಜ್ಜಿ ಖಾಲಿ ಬುಟ್ಟಿ ಹಿಡಿದು ಹೋಗುತ್ತಿದ್ದಳು.

"ಪಾಪಜ್ಜಿ! ಬನ್ನಿ, ಶುರುವಾಗುತ್ತೆ. ಇವತ್ತು ಲಾಸ್ಟು," ಎಂದಳು ಜಯಿ.

"ಇಲ್ಲ ಕಣವ್ವ, ಏಳು ಗಂಟೆ ಬಸ್ಸಿಗೇ ಹೋಯ್ತೀನಿ."

"ಯಾಕೆ?"

"ಗೊತ್ತಾಯ್ತಲ್ಲ. ಇನ್ನೇನು ನೋಡಾದು?" ಪಾಪಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಕೂಸು ಸತ್ತಿರಾದ ನೋಡಾಕೆ ನಂಗಾಗಾಕಿಲ್ಲ. ನೀವ್ ನೋಡ್ಕಳಿ."

ಅವಳು ಹೋದಳು. ಜಯಿ ಒಳಗೆ ಬಂದು ಕೂತಳು. ಪಾಪಜ್ಜಿಯ ಜಾಗದಲ್ಲಿ ಯಾರೋ ಇಬ್ಬರು ಹುಡುಗರು ಕೂತಿದ್ದರು.

ಏಳು ಗಂಟೆ ಆಯಿತು. ಹಾಡು ಬಂತು. ಹೋದ ವಾರದ್ದನ್ನೇ ಸ್ವಲ್ಪ ತೋರಿಸಿದರು. ಚೆನ್ನಿ ಬಾಗಿಲು ತಟ್ಟಿದಳು. ಚಿಲಕದ ಸದ್ದು ಬಂತು. ಬಾಗಿಲು ತೆರೆಯಿತು.

ಮುದುಕಿ ಇರಲಿಲ್ಲ. ಪುಟ್ಟಿ ನಿಂತಿದ್ದಳು.

ಎರಡು ಜಡೆ ಹಾಕಿಕೊಂಡು, ಸೊಂಟದಲ್ಲಿ ಒಂದು ಕೊಡ ಇಟ್ಟುಕೊಂಡು, ಪುಟ್ಟಿಯೇ ನಿಂತಿದ್ದಳು.

ಶಿವಕ್ಕನ ಮನೆ ಹಾರಿಹೋಗುವ ಹಾಗೆ ಎಲ್ಲರೂ ಚಪ್ಪಾಳೆ ತಟ್ಟಿದರು. "ನೋಡಿದ್ಯಾ! ನಾನು ಹೇಳ್ಲಿಲ್ವಾ!" ಎಂದು ಮುನಿರಾಜು ಕುಣಿದ. ಅವನು ಏನು ಹೇಳಿದ್ದನೋ ದೇವರಿಗೇ ಗೊತ್ತು.

'ಬುಕ್ಕಲ್ಲಿ ಹಿಂಗಿಲ್ಲ' ಎಂಬ ಮಾತು ಜಯಿಯ ಬಾಯಿ ತನಕ ಬಂತು. ಅಲ್ಲೇ ನಿಂತುಹೋಯಿತು. ಅವಳು ದಡಬಡ ಎದ್ದು, ಯಾರದೋ ಕೈ ತುಳಿದು, ಹೊರಗೆ ಓಡಿದಳು. ಚಪ್ಪಲಿ ಹುಡುಕಲಿಲ್ಲ. ಬರಿಗಾಲಲ್ಲೇ ಓಡಿದಳು. ಬಸ್ಸು ಯಾವತ್ತೂ ಲೇಟು. ಇವತ್ತೂ ಲೇಟಾಗಲಿ, ಸ್ವಾಮೀ, ಇವತ್ತೊಂದು ದಿನ ಲೇಟಾಗಲಿ! ಪಾಪಜ್ಜಿಯನ್ನು ಎಳಕೊಂಡು ಬಂದರೆ ಇನ್ನೂ ಇಪ್ಪತ್ತು ನಿಮಿಷ ನೋಡಬಹುದು.

ಖಾಲಿ ಸೈಟಿನ ಜಲ್ಲಿ ಕಾಲಿಗೆ ಚುಚ್ಚಿತು. ಸ್ಟಾಪಿಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ದೂರದ ತಿರುವಿನಲ್ಲಿ ಬಸ್ಸಿನ ಕೆಂಪು ದೀಪ ಕಾಣಿಸಿ ಹೋಯಿತು.

ಅವಳು ಕುಂಟುತ್ತಾ ವಾಪಸ್ ಬರುವ ಹೊತ್ತಿಗೆ ಎಲ್ಲ ಮುಗಿದು ಶಿವಕ್ಕ ಟೀವಿಗೆ ಬೀಗ ಹಾಕುತ್ತಿದ್ದಳು. ಎಲ್ಲರ ಕಣ್ಣೂ ಒದ್ದೆ. ಆದರೂ ಮುಖದಲ್ಲಿ ನಗು.

"ಎಲ್ಲಿ ಹಾಳಾಗೋಗಿದ್ದೆ? ಎಂಥಾ ಸೀನ್ ಮಿಸ್ ಮಾಡ್ಕೊಂಡೆ ಗೊತ್ತಾ!" ಎಂದ ಮುನಿರಾಜು.

"ಆಂಟಿ, ಮತ್ತೆ ಯಾವಾಗ ಹಾಕ್ತಾರೆ ಇದನ್ನ?" ಜಯಿ ಕೇಳಿದಳು.

"ಮತ್ತೆಲ್ಲಿ ಹಾಕ್ತಾರೆ? ಒಂದ್ಸಲ ಬಂದ್ರೆ ಮುಗೀತು. ಇದೇನು ಸಿನಿಮಾ ಟಾಕೀಸಾ?"

ಮಾರನೇ ದಿನ ಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ್ದು ಒಂದೂ ಜಯಿಯ ತಲೆಗೆ ಹೋಗಲಿಲ್ಲ. ಸಂಜೆ ಗೇಟಿನ ಹತ್ತಿರ ಕಾದು ನಿಂತಳು. ಪಾಪಜ್ಜಿಯ ಬುಟ್ಟಿ ಕಾಣಿಸಿದ್ದೇ ಓಡಿದಳು.

"ಪಾಪಜ್ಜಿ, ಪಾಪಜ್ಜಿ! ಪುಟ್ಟಿ ಸಿಕ್ಬಿಟ್ಳು! ಸತ್ತಿಲ್ಲ! ಟೀವಿಯಲ್ಲಿ ಅವಳೇ ಬಂದು ಬಾಗಿಲು ತೆಗೆದ್ಳು!"

ಪಾಪಜ್ಜಿ ಬುಟ್ಟಿ ಇಳಿಸಿದಳು. ಒಂದು ಗಳಿಗೆ ಅವಳ ಮುಖ ಅರಳಿತು. "ಸಿಕ್ಕಿದಳಾ? ಅಕ್ಕನ್ನ ನೋಡಿ ಏನಂದ್ಳು?"

ಜಯಿ ಬಾಯಿ ತೆರೆದಳು. ಏನಂದಳು? ಅವಳಿಗೆ ಗೊತ್ತಿರಲಿಲ್ಲ.

"ಅದು... ಅದು ನಾನು ಅಷ್ಟು ನೋಡ್ಲಿಲ್ಲ ಪಾಪಜ್ಜಿ. ಬಾಗಿಲು ತೆಗೆದಿದ್ದಷ್ಟೇ ನೋಡ್ದೆ. ಆಮೇಲೆ ನಿಮ್ಮನ್ನ ಕರೆಯೋಕೆ ಅಂತ ಹೊರಗಡೆ..."

ಪಾಪಜ್ಜಿಯ ಮುಖ ಮೊದಲಿನಂತಾಯಿತು. ಅವಳು ನಕ್ಕು ಜಯಿಯ ಕೆನ್ನೆ ಮುಟ್ಟಿದಳು.

"ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಹನ್ನೆರಡು ವಾರ ಕಣ್ಣು ಬಿಟ್ಕೊಂಡು ನೋಡ್ದೋಳು ಕೊನೆದು ಬಿಟ್ಟು ಹೊರಕ್ಕೆ ಹೋಗಿದ್ಯಾ?"

"ದೇವ್ರಾಣೆ ಪಾಪಜ್ಜಿ! ಬೇಕಾದ್ರೆ ಶಿವಕ್ಕ ಆಂಟಿನ ಕೇಳಿ!"

ಶಿವಕ್ಕನೂ ಬಂದು ಹೇಳಿದಳು. "ಹೌದು ಪಾಪಮ್ಮ, ಅಕ್ಕ ತಂಗಿ ತಬ್ಕೊಂಡು ಅತ್ತಿದ್ದೇ ಅತ್ತಿದ್ದು. ನಂಗೂ ಅಳು ಬಂತು."

"ನೀವೆಲ್ಲ ಮಾತಾಡ್ಕೊಂಡಿದೀರ ಬುಡಿ," ಎಂದಳು ಪಾಪಜ್ಜಿ. "ಬುಕ್ಕಲ್ಲಿರಾದೇ ನಿಜ ಅಂತ ಈ ಕೂಸೇ ಹೇಳಿಲ್ವಾ? ಓದಿರೋ ಕೂಸು, ಅದ್ಯಾಕೆ ಸುಳ್ಳು ಹೇಳಾತು?"

ಜಯಿಗೆ ಅಳು ಒತ್ತರಿಸಿ ಬಂತು. ನಿಜ ಹೇಳಿದಾಗ ಎಲ್ಲರೂ ಬೈದರು. ಈಗಲೂ ನಿಜವನ್ನೇ ಹೇಳುತ್ತಿದ್ದಾಳೆ, ನಂಬುವವರಿಲ್ಲ.

ಪಾಪಜ್ಜಿ ಹೂವಿನ ಮೇಲೆ ನೀರು ಚಿಮುಕಿಸುತ್ತಾ ಮೆಲ್ಲಗೆ ಹೇಳಿದಳು, "ನಂಗೂ ಒಬ್ಳು ತಂಗಿ ಇದ್ಲು ಕಣವ್ವ. ನಂಜಿ ಅಂತ. ಊರಿಗೆ ಪ್ಲೇಗು ಬಂದಾಗ ಹೋಗ್ಬುಟ್ಳು. ನಿನ್ನಷ್ಟೇ ಇದ್ಲು. ಇವಳಾರ ಸಿಗ್ಲಿ ಅಂತ ಆಸೆ ಇತ್ತು. ಹೋಗ್ಲಿ ಬುಡು. ಕತೆ ತಾನೆ?"

ಅವಳು ಬುಟ್ಟಿ ತಲೆಗೇರಿಸಿ, "ಹೂವಾ..." ಎಂದು ಕೂಗುತ್ತಾ ಹೋದಳು. ಜಯಿ ಗೇಟಿನ ಹಿಂದೆ ಕೂತು ಅತ್ತಳು. ಅಮ್ಮ ಬಂದು ಏನಾಯ್ತು ಅಂತ ಕೇಳಿದರೆ, ಕಾಲಿಗೆ ಜಲ್ಲಿ ಚುಚ್ಚಿದೆ ಅಂತ ತೋರಿಸಿದಳು.

ಮೂರು ದಿನ ಆದ ಮೇಲೆ ಮುನಿರಾಜು ಪೇಪರ್ ಹಿಡಿದು ಓಡಿ ಬಂದ.

"ಲೇ ಜಯಿ! ಈ ಬುಧವಾರ ಉಗ್ರಪ್ಪ ಮೇಷ್ಟ್ರ ಮೇಲೆ ಡಾಕ್ಯುಮೆಂಟರಿ ಹಾಕ್ತಾರಂತೆ. ಅದೇ ಟೈಮು. ಸೀರಿಯಲ್‌ದೂ ತುಂಡು ತುಂಡು ತೋರಿಸ್ತಾರಂತೆ ಕಣೇ!"

ಜಯಿಗೆ ಹೋದ ಜೀವ ಬಂದಂತಾಯಿತು. ತೋರಿಸಿದರೆ ಕೊನೆಯದನ್ನೇ ತಾನೇ ತೋರಿಸಬೇಕು? ಅದಕ್ಕಿಂತ ಒಳ್ಳೆ ತುಂಡು ಯಾವುದಿದೆ?

ಆವತ್ತು ಸಂಜೆ ಅವಳು ಪಾಪಜ್ಜಿಯ ಸೆರಗು ಹಿಡಿದುಕೊಂಡೇ ಬಿಟ್ಟಳು. "ಒಂದೇ ಒಂದ್ಸಲ ಬನ್ನಿ ಪಾಪಜ್ಜಿ. ಇದು ಡಾಕ್ಯುಮೆಂಟರಿ."

"ಅದೇನವ್ವ ಅಂಗಂದ್ರೆ?"

"ಇದು ಕತೆಯಲ್ಲ. ನಿಜವಾಗಿರೋದನ್ನೇ ತೋರಿಸ್ತಾರೆ. ಕತೆ ಬರೆದೋರೇ ಬಂದು ಮಾತಾಡ್ತಾರೆ."

"ಬರೆದೋರೇ ಬತ್ತಾರಾ?" ಪಾಪಜ್ಜಿ ಯೋಚನೆ ಮಾಡಿದಳು. "ಅಂಗಾರೆ ಬತ್ತೀನಿ. ಅವ್ರು ಹೇಳಿದ್ರೆ ಸರಿ."

ಬುಧವಾರ ಪಾಪಜ್ಜಿ ಬಂದಳು. ಟೀವಿ ಮೇಲೆ ಹೂ ಇಟ್ಟಳು. ಜಯಿ ಹುಡುಗರನ್ನು ತಳ್ಳಿ ಅವಳ ಹಳೇ ಜಾಗವನ್ನೇ ಬಿಡಿಸಿಕೊಟ್ಟು ಪಕ್ಕದಲ್ಲೇ ಕೂತಳು.

ಟೀವಿಯಲ್ಲಿ ಉಗ್ರಪ್ಪ ಮೇಷ್ಟ್ರು ಬಂದರು. ಅಯ್ಯೋ, ಎಷ್ಟು ಸಣ್ಣಗಿದ್ದರು! ಹಳೇ ಕ್ಯಾಲೆಂಡರ್ ಹಾಳೆಯ ಹಿಂದುಗಡೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ನೆಲದ ಮೇಲೆ ಕೂತು, ಮುಂದೆ ಒಂದು ಮರದ ಡೆಸ್ಕು. ಬರೆಯೋಕೆ ತೋಚದಿದ್ದರೆ ಅಂಗಳಕ್ಕೆ ಹೋಗಿ ಗುಬ್ಬಿಗಳಿಗೆ ಅಕ್ಕಿ ನುಚ್ಚು ಹಾಕುತ್ತಾರಂತೆ. "ಗುಬ್ಬಿಗಳು ಜಗಳ ಆಡೋದನ್ನ ನೋಡಿದ್ರೆ ಮಾತು ಹೊಳೆಯುತ್ತೆ," ಎಂದು ನಕ್ಕರು. ಮುಂದಿನ ಒಂದು ಹಲ್ಲು ಇರಲಿಲ್ಲ. ತನ್ನ ಪ್ರೀತಿಯ ಕತೆಗಳೆಲ್ಲ ಆ ಸಣ್ಣ ಡೆಸ್ಕಿನ ಮೇಲೆ ಹುಟ್ಟಿದ್ದು ಅಂತ ನೋಡಿ ಜಯಿಗೆ ಸಂತೋಷಕ್ಕೆ ಮೈ ಜುಮ್ಮೆಂದಿತು. ಒಂದು ಗಳಿಗೆ ಎಲ್ಲ ಮರೆತುಹೋಯಿತು.

ಆಮೇಲೆ ಸೀರಿಯಲ್ಲಿನ ತುಂಡು ಬಂತು. ಲಾರಿ ಹತ್ತುವ ಗಲಾಟೆ. ಇನ್ನೊಂದು ತುಂಡು, ಚೆನ್ನಿ ಹೊಳೆ ದಾಟುವುದು.

"ಈಗ ಬರುತ್ತೆ, ಈಗ ಬರುತ್ತೆ," ಎಂದು ಜಯಿ ಪಾಪಜ್ಜಿಯ ಕೈ ಹಿಡಿದುಕೊಂಡಳು.

ತೋರಿಸಿದ್ದು ಬೇರೆ. ಉಗ್ರಪ್ಪ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಒಂದು ಪುಸ್ತಕ ತೆಗೆದರು. ರಟ್ಟು ನೋಡಿಯೇ ಜಯಿಗೆ ಗೊತ್ತಾಯಿತು, ಅದು 'ಚೆನ್ನಿ ಮತ್ತು ಪುಟ್ಟಿ'.

"ಇದರ ಕೊನೇ ಪುಟ ಓದ್ತೀನಿ," ಎಂದರು ಮೇಷ್ಟ್ರು.

ಓದಿದರು. ಬಾಗಿಲು ತೆಗೆದ ಮುದುಕಿಯ ಮಾತು ಓದಿದರು. "ತಡವಾಗಿ ಬಂದೆ ಮಗಳೇ. ಹೋದ ಸುಗ್ಗಿಯಲ್ಲೇ ಜ್ವರ ಬಂತು. ಅಕ್ಕ ಬರ್ತಾಳೆ, ಅಕ್ಕ ಬರ್ತಾಳೆ ಅಂತಲೇ ಕಣ್ಣು ಮುಚ್ಚಿದಳು." ಜಯಿಗೆ ಆ ಸಾಲುಗಳೆಲ್ಲ ಬಾಯಿಗೆ ಬರುತ್ತಿದ್ದವು. ಮೇಷ್ಟ್ರು ಓದುವ ಮೊದಲೇ ಒಂದೊಂದೂ ಅವಳ ತಲೆಯಲ್ಲಿ ಬಂದು ನಿಲ್ಲುತ್ತಿತ್ತು. ಬೇಡ, ಓದಬೇಡಿ, ಸಾಕು ನಿಲ್ಲಿಸಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮೇಷ್ಟ್ರು ಪೂರ್ತಿ ಓದಿ ಪುಸ್ತಕ ಮುಚ್ಚಿದರು. "ಅವಳನ್ನ ಉಳಿಸೋಕೆ ನನ್ನಿಂದ ಆಗಲಿಲ್ಲ," ಎಂದರು.

ಅಷ್ಟೇ. ಮುಗಿದುಹೋಯಿತು. ಸೋಪಿನ ಜಾಹೀರಾತು ಬಂತು.

"ಥೂ, ಇದೇನಿದು! ಟೀವಿಯಲ್ಲಿ ಬಂದಿದ್ದ ಕೊನೆಯನ್ನ ತೋರಿಸ್ಲೇ ಇಲ್ವಲ್ಲ!" ಎಂದಳು ಶಿವಕ್ಕ.

ಪಾಪಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ಜಯಿಯ ತಲೆ ನೇವರಿಸಿದಳು.

"ನೀ ಹೇಳಿದ್ದೇ ಸರಿ ಕಣವ್ವ. ಬರೆದೋರೇ ಹೇಳಿದ್ರಲ್ಲ. ಇವರೆಲ್ಲ ನಿನ್ನ ಬೈದ್ರು. ನೀನೊಬ್ಳೇ ನಿಜ ಹೇಳಿದ್ದು."

ಹದಿಮೂರು ವಾರ ಜಯಿ ಈ ಮಾತಿಗೇ ಹಪಹಪಿಸಿದ್ದಳು. ಜಯಿ ಹೇಳಿದ್ದೇ ಸರಿ ಅಂತ ಯಾರಾದರೂ ಒಂದು ಸಲ, ಒಂದೇ ಸಲ ಎಲ್ಲರ ಮುಂದೆ ಹೇಳಲಿ ಅಂತ. ಈಗ ಪಾಪಜ್ಜಿಯೇ ಹೇಳಿದಳು. ಆದರೆ ಜಯಿಗೆ ಎಲ್ಲಿಯಾದರೂ ಓಡಿಹೋಗೋಣ ಅನ್ನಿಸಿತು.

ಅವಳು ಪಾಪಜ್ಜಿಯ ಬುಟ್ಟಿ ತಾನೇ ಎತ್ತಿಕೊಂಡು ಸ್ಟಾಪಿನ ತನಕ ಬಂದಳು. ಇಬ್ಬರೂ ಕಲ್ಲು ಬೆಂಚಿನ ಮೇಲೆ ಕೂತರು. ಬಸ್ಸು ಇನ್ನೂ ಬಂದಿರಲಿಲ್ಲ.

"ಆವಯ್ಯ ಚೆಂದಾಗಿ ಓದ್ತಾರೆ," ಎಂದಳು ಪಾಪಜ್ಜಿ. "ಬ್ಯಾರೆ ಕತೆನೂ ಬರ್ದವ್ರಾ?"

"ಇನ್ನೂ ಆರಿದೆ ಪಾಪಜ್ಜಿ."

"ಬಸ್ಸು ಬರೋಗಂಟ ಒಂದ್ ಹೇಳು ಮತ್ತೆ."

ಜಯಿಗೆ ಎಲ್ಲಿಲ್ಲದ ಖುಷಿಯಾಯಿತು. ಕಾಲು ಮಡಚಿ ಸರಿಯಾಗಿ ಕೂತಳು. "ಒಂದೂರಲ್ಲಿ ಒಬ್ಬ ಗಡಿಯಾರ ರಿಪೇರಿ ಮಾಡೋ ತಾತ ಇರ್ತಾರೆ. ಅವರ ಹತ್ರ ಒಂದು ಕುಂಟು ನಾಯಿ. ಅದರ ಹೆಸರು ಟಿಕ್ಕಿ. ಒಂದಿನ ಬೆಳಿಗ್ಗೆ ಎದ್ದು ನೋಡ್ತಾರೆ, ಟಿಕ್ಕಿ ಎಲ್ಲೂ ಇಲ್ಲ..."

"ತಡಿ ತಡಿ," ಎಂದಳು ಪಾಪಜ್ಜಿ. "ಮೊದ್ಲು ಕೊನೆ ಹೇಳ್ಬುಡು. ನಾಯಿ ಸಿಗ್ತದಾ?"

ಜಯಿ ಮಡಚಿದ ಕಾಲು ಕೆಳಗಿಳಿಸಿದಳು.

"ಸಿಗಾದಾದ್ರೆ ಕೇಳ್ತೀನಿ. ಇಲ್ದಿದ್ರೆ ಬ್ಯಾಡ," ಎಂದಳು ಪಾಪಜ್ಜಿ.

ಟಿಕ್ಕಿ ಸಿಗುತ್ತೆ. ಜಯಿಗೆ ಗೊತ್ತಿತ್ತು. ರೈಲ್ವೆ ಗೇಟಿನವನ ಮನೆಯಲ್ಲಿ ಮರಿ ಹಾಕಿಕೊಂಡು ಮಲಗಿರುತ್ತೆ. 'ಸಿಗುತ್ತೆ' ಅಂತ ಒಂದು ಮಾತು ಹೇಳಿದರೆ ಸಾಕು, ಪಾಪಜ್ಜಿ ಆರಾಮಾಗಿ ಕೇಳುತ್ತಾಳೆ. ಆದರೆ ಹೇಳಿಬಿಟ್ಟರೆ, ಟಿಕ್ಕಿಯನ್ನು ತಾತ ಸಂತೆಯಲ್ಲಿ ಹುಡುಕುವಾಗ ಅವಳು ಮುಂದಕ್ಕೆ ಬಗ್ಗುವುದಿಲ್ಲ. ಬಾಯಿ ತೆರೆದುಕೊಂಡು ಕೂರುವುದಿಲ್ಲ. ಟಿಕ್ಕಿ ಹೊಟ್ಟೆಗೆ ಏನು ತಿಂದಿತೋ ಅಂತ ಗೇಟಿನ ಹತ್ತಿರ ನಿಂತು ಕೇಳುವುದಿಲ್ಲ.

"ನಂಗೊತ್ತಿಲ್ಲ ಪಾಪಜ್ಜಿ," ಎಂದಳು ಜಯಿ. "ಅದನ್ನ ನಾನಿನ್ನೂ ಪೂರ್ತಿ ಓದಿಲ್ಲ."

"ನೀನು ಓದಿಲ್ವಾ!" ಪಾಪಜ್ಜಿಗೆ ಆಶ್ಚರ್ಯ. ತಲೆ ಅಲ್ಲಾಡಿಸಿದಳು. "ಅಂಗಾರೆ ಬ್ಯಾಡ ಬುಡವ್ವ. ಓದಿ ಮುಗ್ಸು. ಒಳ್ಳೇದಾಯ್ತದೆ ಅಂತ ಗೊತ್ತಾದ್ಮೇಲೆ ಹೇಳಿವಂತೆ."

ಅಷ್ಟರಲ್ಲಿ ಬಸ್ಸು ಬಂತು. ಪಾಪಜ್ಜಿ ಹತ್ತಿದಳು. ಜಯಿ ಬುಟ್ಟಿಯನ್ನು ಮೇಲಕ್ಕೆ ಎತ್ತಿ ಕೊಟ್ಟಳು. ಕಂಡಕ್ಟರ್ ಸೀಟಿ ಊದಿದ.

"ಮನೀಗ್ ಹೋಗವ್ವ, ಕತ್ತಲಾಯ್ತು," ಎಂದಳು ಪಾಪಜ್ಜಿ ಕಿಟಕಿಯಿಂದ.

ಜಯಿ ತಲೆ ಆಡಿಸಿದಳು. ಬಸ್ಸು ತಿರುವು ದಾಟಿ ಹೋಯಿತು. ನಾಳೆ ಪಾಪಜ್ಜಿ ಕೇಳಿದರೆ ಏನು ಹೇಳುವುದು ಎಂದು ಯೋಚಿಸುತ್ತಾ ಅವಳು ಮೆಲ್ಲಗೆ ಮನೆ ಕಡೆ ನಡೆದಳು.